ಕೀಲಿನ ಕಾಯಿಲೆಗೂ ಹೃದಯಕ್ಕೂ ಏನು ಸಂಬಂಧ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದು ತಡವಾಗಿ ಗೊತ್ತಾಗುವುದು ಯಾಕೆ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದೊಡ್ಡ ಸುದ್ದಿಯಾದವು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಎಲ್ಲರ ಬಾಯಲ್ಲಿ ಅದೇ ಮಾತು. ಶುಗರ್, ಬಿಪಿ, ಬೀಡಿ, ಟೆನ್ಷನ್, ಜಿಮ್, ಕೋವಿಡ್ ಲಸಿಕೆ ಅಂತ ಜನ ಒಂದೊಂದೇ ಕಾರಣ ಸೇರಿಸುತ್ತಾ ಹೋದರು. ಕೀಲು ನೋವಿನ ಹೆಸರು ಮಾತ್ರ ಆ ಚರ್ಚೆಯಲ್ಲಿ ಅಪರೂಪ. ಆದರೆ ಕೆಲವು ಬಗೆಯ ಕೀಲು ರೋಗ ಇರುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಜಾಸ್ತಿ. ವೈದ್ಯಲೋಕಕ್ಕೆ ಇದು ಹಳೇ ವಿಷಯ. ನಮ್ಮ ಹಳ್ಳಿಯ ರೋಗಿಗೆ ಇನ್ನೂ ಹೊಸದು.

ಎಲ್ಲ ಕೀಲು ನೋವೂ ಇದಲ್ಲ. ವಯಸ್ಸಾದಂತೆ ಮಂಡಿ ಸವೆಯುವುದು ಬೇರೆ. ಇಲ್ಲಿ ಹೇಳುತ್ತಿರುವುದು ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ತನ್ನ ಮೈಮೇಲೆ ಬೀಳುವ ಕಾಯಿಲೆಗಳ ಬಗ್ಗೆ. ರುಮಟಾಯ್ಡ್ ಸಂಧಿವಾತ ಅದರಲ್ಲಿ ಮುಖ್ಯ. ಚರ್ಮ, ಕೀಲು, ಮೂತ್ರಪಿಂಡ ಎಲ್ಲವನ್ನೂ ಕಾಡುವ ಲೂಪಸ್, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ, ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕೂಡ ಇದೇ ಗುಂಪಿನವು. ಕೀಲಿನೊಳಗೆ ಉರಿಯೂತ ಎಬ್ಬಿಸುವ ರಾಸಾಯನಿಕಗಳು ರಕ್ತದಲ್ಲಿ ಊರೆಲ್ಲ ಸುತ್ತುತ್ತವೆ. ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ. ಅಲ್ಲಿ ಕೊಬ್ಬು ಬೇಗ ಕೂರುತ್ತದೆ, ಕೂತ ಕೊಬ್ಬು ಬೇಗ ಒಡೆಯುತ್ತದೆ. ಹೃದಯದ ಹೊರಚೀಲಕ್ಕೆ ನೀರು ತುಂಬಬಹುದು. ಸ್ನಾಯು, ಕವಾಟ, ಬಡಿತದ ತಂತುಗಳಿಗೂ ಪೆಟ್ಟು ಬೀಳಬಹುದು.

ಇನ್ನೊಂದು ಕಾಯಿಲೆಯನ್ನು ಇದರ ಜೊತೆ ಬೆರೆಸಿಬಿಡುತ್ತಾರೆ. ಮಕ್ಕಳಿಗೆ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರ ಅದು. ಅದರಲ್ಲೂ ಕೀಲು ಊದುತ್ತದೆ, ಮುಂದೆ ಹೃದಯದ ಕವಾಟ ಹಾಳಾಗಬಹುದು. ಅದಕ್ಕೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಇದೆ. ರುಮಟಾಯ್ಡ್ ಸಂಧಿವಾತಕ್ಕೆ ಆ ಸೂಜಿಯಿಂದ ಪ್ರಯೋಜನ ಇಲ್ಲ.

ಹೃದಯದ ನಂಟು ಎದ್ದು ಕಂಡದ್ದು ಲೂಪಸ್‌ನಲ್ಲಿ. 1924ರಲ್ಲಿ ನ್ಯೂಯಾರ್ಕಿನ ಲಿಬ್‌ಮನ್ ಮತ್ತು ಸ್ಯಾಕ್ಸ್ ಎಂಬ ವೈದ್ಯರು ಬ್ಯಾಕ್ಟೀರಿಯಾ ಇಲ್ಲದೆಯೇ ಕವಾಟದ ಮೇಲೆ ಗಂಟು ಬೆಳೆಯುವುದನ್ನು ವಿವರಿಸಿದರು. ಅದು ಲೂಪಸ್‌ನಿಂದ ಆಗುವುದು ಅಂತ ಆಮೇಲೆ ಗೊತ್ತಾಯಿತು. 1948ರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧ ಬಂತು, 1950ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು. ಸ್ಟೀರಾಯ್ಡ್‌ನಿಂದ ಜನ ಬದುಕುಳಿದರು. ಬದುಕುಳಿದ ಮೇಲೆ ಇನ್ನೊಂದು ಸಮಸ್ಯೆ ಎದ್ದಿತು. 1976ರಲ್ಲಿ ಟೊರಾಂಟೊದ ಮರ್ರಿ ಯುರೋವಿಟ್ಜ್ ಮತ್ತು ಸಂಗಡಿಗರು ಲೂಪಸ್ ಸಾವುಗಳು ಎರಡು ಅಲೆಯಲ್ಲಿ ಬರುತ್ತವೆ ಅಂತ ತೋರಿಸಿದರು. ಮೊದಲ ಅಲೆ ಕಾಯಿಲೆ ಮತ್ತು ಸೋಂಕಿನದು. ವರ್ಷಗಳ ನಂತರದ ಎರಡನೆಯದು ಹೃದಯಾಘಾತದ್ದು. 1997ರಲ್ಲಿ ಪಿಟ್ಸ್‌ಬರ್ಗಿನ ಸೂಸನ್ ಮಾಂಜಿ ಅವರ ತಂಡ ಕೊಟ್ಟ ಲೆಕ್ಕ ಬೆಚ್ಚಿಬೀಳಿಸುವಂಥದ್ದು. 35ರಿಂದ 44 ವಯಸ್ಸಿನ ಲೂಪಸ್ ಇರುವ ಹೆಂಗಸರಿಗೆ ಹೃದಯಾಘಾತದ ಸಾಧ್ಯತೆ ಅದೇ ವಯಸ್ಸಿನ ಉಳಿದ ಹೆಂಗಸರಿಗಿಂತ 50 ಪಟ್ಟಿಗೂ ಹೆಚ್ಚು. ರುಮಟಾಯ್ಡ್ ಸಂಧಿವಾತದಲ್ಲಿ ಅಪಾಯ ಅಷ್ಟಿಲ್ಲ, ಸುಮಾರು ಒಂದೂವರೆ ಪಟ್ಟು. ಆದರೆ ಈ ಕಾಯಿಲೆಯವರ ಸಂಖ್ಯೆ ಬಹಳ ದೊಡ್ಡದು. 2010ರಲ್ಲಿ ಯೂರೋಪಿನ ಕೀಲು ರೋಗ ತಜ್ಞರ ಒಕ್ಕೂಟ ಹೃದಯದ ಅಪಾಯ ಲೆಕ್ಕ ಹಾಕುವಾಗ ಇಂಥವರಲ್ಲಿ ಕೆಲವು ಲಕ್ಷಣ ಇರುವವರಿಗೆ 1.5ರಿಂದ ಗುಣಿಸಿ ಅಂತ ಬರವಣಿಗೆಯಲ್ಲೇ ಹೇಳಿತು.

ಅಂದರೆ ಪುಸ್ತಕದಲ್ಲಿ ವಿಷಯ ಇತ್ತು. ನಮ್ಮ ಬಯಲುಸೀಮೆಯಲ್ಲಿ ಆಗಿದ್ದು ಬೇರೆಯೇ.

ಇಲ್ಲಿ ಕೀಲು ನೋವಿಗೆ ಮೊದಲಿನಿಂದಲೂ ಒಂದು ಸಿದ್ಧ ಉತ್ತರ ಇದೆ. ನೀರು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ, ಅತ್ತ ತುಮಕೂರಿನ ಪಾವಗಡದಲ್ಲೂ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುವುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಎಷ್ಟೋ ಊರುಗಳು ವರ್ಷಗಟ್ಟಲೆ ಕುಡಿದಿವೆ. ಹಲ್ಲು ಕಂದು ಬಣ್ಣಕ್ಕೆ ತಿರುಗಿದವರನ್ನು, ಬೆನ್ನು ಬಗ್ಗಿಸಲಾಗದವರನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ನೋವು ಅಂದ ಕೂಡಲೇ ನೀರಿನ ಮೇಲೆ ಬೊಟ್ಟು ಮಾಡುವುದು ತಪ್ಪೇನಲ್ಲ. ತೊಂದರೆ ಆಗಿದ್ದು ಎಲ್ಲ ನೋವನ್ನೂ ಅದರ ಲೆಕ್ಕಕ್ಕೇ ಬರೆದಾಗ. ಫ್ಲೋರೈಡ್ ನೋವು ಸಾಮಾನ್ಯವಾಗಿ ಬೆನ್ನು, ಸೊಂಟ, ಮಂಡಿಯದು. ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಕಾಣುತ್ತದೆ. ರುಮಟಾಯ್ಡ್ ಬಂದರೆ ಎರಡೂ ಕೈಯ ಬೆರಳಿನ ಬುಡ, ಮಣಿಕಟ್ಟು ಮೆತ್ತಗೆ ಊದುತ್ತವೆ. ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಕೈ ಮಡಚಲು ಆಗುವುದಿಲ್ಲ. ಡೇರಿಗೆ ಹಾಲು ಹಾಕುವ ಮನೆಯ ಹೆಂಗಸಿಗೆ ಇದು ಮೊದಲು ಗೊತ್ತಾಗುವುದು ನಸುಕಿನಲ್ಲಿ ಹಾಲು ಕರೆಯಲು ಕೂತಾಗ. ಆಮೇಲೆ ಮುದ್ದೆ ತಿರುವುವಾಗ.

ಹಳ್ಳಿಗಳಿಗೆ ಶುದ್ಧ ನೀರಿನ ಘಟಕ ಬಂದವು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವುದು ರೂಢಿಯಾಯಿತು. ನೀರು ಬದಲಾದ ಮೇಲೂ ಬೆರಳಿನ ಊತ ಇಳಿಯದವರು ಇದ್ದರು. ಅಲ್ಲಾದರೂ ಅನುಮಾನ ಬರಬೇಕಿತ್ತು ಅಲ್ವಾ? ಆದರೆ ಅಷ್ಟು ಹೊತ್ತಿಗೆ ಇನ್ನೊಂದು ಉತ್ತರ ಬಂದು ಕೂತಿತ್ತು.

ಅದು ಚಿಕೂನ್‌ಗುನ್ಯ. 1973ರ ನಂತರ ದೇಶದಲ್ಲಿ ಹೆಚ್ಚುಕಡಿಮೆ ಮಾಯವಾಗಿದ್ದ ಈ ಜ್ವರ 2005ರ ಕೊನೆಯಲ್ಲಿ ಮರಳಿತು. 2006ರಲ್ಲಿ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ದೇಶದಲ್ಲೇ ಹೆಚ್ಚು. ಆಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯ ಒಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆ 2006ರಲ್ಲಿ ಮನೆಮಂದಿಯೆಲ್ಲ ಗೋಡೆ ಹಿಡಿದು ಓಡಾಡಿದ್ದು ನೆನಪಿರುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ನೋವು ಹೋಯಿತು. ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಅದು ನೋಡಲು ರುಮಟಾಯ್ಡ್ ಥರವೇ ಇರುತ್ತದೆ. ಬಿಡಿಸಿ ನೋಡದೆ ಹೇಳುವುದು ವೈದ್ಯರಿಗೂ ಕಷ್ಟ. ಅಲ್ಲಿಂದ ಮುಂದೆ ಯಾವ ಊತ ಬಂದರೂ ‘ಅದು ಆವತ್ತಿನ ಚಿಕೂನ್‌ಗುನ್ಯದ್ದೇ’ ಎನ್ನುವ ಮಾತು ಸುಲಭವಾಗಿ ಬಂತು. ರುಮಟಾಯ್ಡ್‌ನ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್, ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿಯಂಥ ರಕ್ತಪರೀಕ್ಷೆ ಮಾಡಿಸಬೇಕಾದ ಜಾಗದಲ್ಲಿ ಒಂದು ಊಹೆ ಕೂತುಬಿಟ್ಟಿತು.

ಕೆಲಸವೂ ಒಂದು ಉತ್ತರವೇ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಕೈ ದಿನವಿಡೀ ಬಿಸಿನೀರಿನಲ್ಲಿ. ಅವರ ಬೆರಳು ಊದಿದರೆ ನೀರಿನಿಂದಲೇ ಅನ್ನುತ್ತಾರೆ. ಕಲ್ಲು ಕ್ವಾರಿ, ಕ್ರಷರ್‌ಗಳ ಮಾತು ಇನ್ನೂ ಗಂಭೀರ. ಸಿಲಿಕಾ ದೂಳು ಶ್ವಾಸಕೋಶ ಹಾಳು ಮಾಡುವುದು ಕೆಜಿಎಫ್ ಕಂಡ ಊರಿಗೆ ಹೇಳಿಕೊಡಬೇಕಿಲ್ಲ. ಅದೇ ದೂಳು ರುಮಟಾಯ್ಡ್ ಮತ್ತು ಸ್ಕ್ಲೀರೋಡರ್ಮಾದ ಅಪಾಯವನ್ನೂ ಹೆಚ್ಚಿಸುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ಕಾಯಿಲೆಗೆ ಹೆಸರು ಸಿಗದೆ ಹೋದ ಈ ವರ್ಷಗಳಲ್ಲಿ ಜನ ಸುಮ್ನೆ ಕೂತಿರಲಿಲ್ಲ. ನೋವು ಕೂರಲು ಬಿಡುವುದಿಲ್ಲ. ಮೆಡಿಕಲ್ ಸ್ಟೋರಿಗೆ ಹೋಗಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದರು. ಸಂತೆ ದಿನ ಸೂಜಿ ಹಾಕಿಸಿಕೊಂಡರು. ಮೂರು ಬಣ್ಣದ ಮಾತ್ರೆ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದನ್ನು ಹೆಸರು ಕೇಳದೆ ನುಂಗಿದರು. ಅದರಲ್ಲಿ ಒಂದು ಸ್ಟೀರಾಯ್ಡ್ ಇರುವುದುಂಟು. ನಾಟಿ ಪುಡಿ ಅಂತ ಮಾರುವುದರಲ್ಲೂ ಸ್ಟೀರಾಯ್ಡ್ ಬೆರೆಸಿರುವುದು ದೇಶದ ಹಲವು ಕಡೆ ಸಿಕ್ಕಿಬಿದ್ದಿದೆ. ನೋವು ಎರಡೇ ದಿನದಲ್ಲಿ ಮಾಯವಾಗುತ್ತದೆ, ಊಟ ಸೇರುತ್ತದೆ, ಮುಖ ತುಂಬಿಕೊಳ್ಳುತ್ತದೆ. ಯಾರು ತಾನೇ ಬೇಡ ಅಂತಾರೆ? ಆದರೆ ಒಳಗೆ ಬಿಪಿ ಏರುತ್ತದೆ, ಶುಗರ್ ಏರುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. ನೋವಿನ ಮಾತ್ರೆಗಳ ಹೃದಯದ ಅಪಾಯ ಜಗತ್ತಿಗೆ ತಟ್ಟಿದ್ದು 2004ರಲ್ಲಿ, ರೋಫೆಕಾಕ್ಸಿಬ್ ಎಂಬ ಜನಪ್ರಿಯ ಮಾತ್ರೆಯನ್ನು ಹಿಂದಕ್ಕೆ ಪಡೆದಾಗ. ಭಾರತವೂ ಅದನ್ನು ನಿಷೇಧಿಸಿತು. 2013ರಲ್ಲಿ ಯೂರೋಪಿನ ಔಷಧ ಸಂಸ್ಥೆ ಹೃದಯ ಕಾಯಿಲೆ ಇರುವವರಿಗೆ ಡೈಕ್ಲೋಫೆನಾಕ್ ಬೇಡ ಎಂದಿತು. ನಮ್ಮಲ್ಲಿ ಅದು ಇವತ್ತಿಗೂ ಚೀಟಿ ಇಲ್ಲದೆ ಸಿಗುತ್ತದೆ.

ಮಾತ್ರೆಯೇ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಸರಿಯಾದ ಪ್ರಮಾಣದಲ್ಲಿ, ಕಡಿಮೆ ದಿನ ಕೊಟ್ಟ ಸ್ಟೀರಾಯ್ಡ್ ಎಷ್ಟೋ ಜೀವ ಉಳಿಸಿದೆ. ಬಹಳ ದಿನ ತಿಂದಿದ್ದನ್ನು ಒಂದೇ ಸಲ ನಿಲ್ಲಿಸುವುದೂ ಅಪಾಯ. ಕಾಯಿಲೆಯನ್ನೇ ಹಿಡಿತಕ್ಕೆ ತರುವ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್‌ನಂಥ ಅಗ್ಗದ ಮಾತ್ರೆಗಳಿವೆ. ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ತಿನ್ನಬೇಕು, ದಿನಾ ತಿಂದರೆ ಪ್ರಾಣಕ್ಕೇ ಕುತ್ತು. ಅದನ್ನು ತೆಗೆದುಕೊಳ್ಳುವ ರುಮಟಾಯ್ಡ್ ರೋಗಿಗಳಲ್ಲಿ ಹೃದಯದ ಸಾವು ಕಡಿಮೆ ಎಂದು 2002ರ ಒಂದು ಅಧ್ಯಯನ ತೋರಿಸಿತು. ಕೀಲು ರೋಗ ಇಲ್ಲದ ಹೃದಯ ರೋಗಿಗಳಿಗೆ ಅದೇ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದರೆ, ಕೀಲಿನ ಉರಿಯೂತ ಹಿಡಿತಕ್ಕೆ ಬಂದದ್ದೇ ಹೃದಯವನ್ನು ಕಾಯುತ್ತಿದೆ ಅನಿಸುತ್ತದೆ.

ಈ ರೋಗಿಗಳ ಹೃದಯ ಮುನ್ಸೂಚನೆಯನ್ನೂ ಸರಿಯಾಗಿ ಕೊಡುವುದಿಲ್ಲ. ನಡೆದಾಗ ಎದೆ ಹಿಡಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವು ಹೃದಯದ ಸಾಮಾನ್ಯ ಎಚ್ಚರಿಕೆಗಳು. ಮಂಡಿ ನೋವಿನಿಂದ ನಡೆಯುವುದನ್ನೇ ಬಿಟ್ಟವರಿಗೆ ಅವು ಎಲ್ಲಿಂದ ಬರಬೇಕು? ಭುಜ, ಎಡಗೈ ನೋವು ಬಂದರೆ ಅದನ್ನೂ ಹಳೇ ಕಾಯಿಲೆಯ ಲೆಕ್ಕಕ್ಕೆ ಹಾಕುತ್ತಾರೆ. ಸುಸ್ತು ಹೇಗೂ ಇದ್ದದ್ದೇ. ರುಮಟಾಯ್ಡ್ ಇರುವವರಲ್ಲಿ ಗೊತ್ತೇ ಆಗದೆ ಆಗಿಹೋಗುವ ಹೃದಯಾಘಾತ ಹೆಚ್ಚು ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನವರು 2005ರಲ್ಲೇ ಬರೆದರು. ಕೊಲೆಸ್ಟ್ರಾಲ್ ವರದಿಯೂ ದಾರಿ ತಪ್ಪಿಸುತ್ತದೆ. ಉರಿಯೂತ ಜೋರಾಗಿದ್ದಾಗ ಕೆಟ್ಟ ಕೊಲೆಸ್ಟ್ರಾಲ್ ಕಡಿಮೆಯೇ ಕಾಣಬಹುದು, ಅಪಾಯ ಮಾತ್ರ ಜಾಸ್ತಿಯೇ ಇರುತ್ತದೆ. ‘ರಿಪೋರ್ಟ್ ನಾರ್ಮಲ್’ ಅನ್ನುವ ಮಾತು ಇಲ್ಲಿ ಧೈರ್ಯ ಕೊಡಬಾರದು. ಮಲಗಿದರೆ ಜಾಸ್ತಿಯಾಗಿ, ಮುಂದೆ ಬಾಗಿ ಕೂತರೆ ಕಡಿಮೆಯಾಗುವ ಎದೆನೋವು ಬಂದರೆ ಅದು ಹೊರಚೀಲದ ಉರಿಯೂತ ಇರಬಹುದು. ಅದಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು.

ಬಸುರಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಲೂಪಸ್ ಅಥವಾ ಬಾಯಿ, ಕಣ್ಣು ಒಣಗುವ ಶೋಗ್ರೆನ್ ಕಾಯಿಲೆಯವರ ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯ ಇರಬಹುದು. ಅದು ಮಗುವಿನ ರಕ್ತಕ್ಕೆ ದಾಟಿ ಹೃದಯ ಬಡಿತದ ತಂತುವನ್ನು ಕೆಡಿಸಬಹುದು. ಇಂಥ ಬಸಿರುಗಳಲ್ಲಿ ನೂರಕ್ಕೆ ಒಂದೆರಡರಲ್ಲಿ ಹೀಗಾಗುತ್ತದೆ, ಹೆಚ್ಚಾಗಿ 18ರಿಂದ 24ನೇ ವಾರದ ನಡುವೆ. ಒಂದು ಮಗುವಿಗೆ ಆಗಿದ್ದರೆ ಮುಂದಿನ ಬಸಿರಿನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಈ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ತಾಯಿಗೆ ಕಾಯಿಲೆ ಇರುವುದೇ ಗೊತ್ತಿಲ್ಲದಿದ್ದರೆ ಇದು ಯಾವುದೂ ನಡೆಯುವುದಿಲ್ಲ.

ಈಗ ಎಲ್ಲಿದ್ದೇವೆ? ಕೀಲು ರೋಗದ ತಜ್ಞರಿಗಾಗಿ ನಮ್ಮವರು ಇವತ್ತಿಗೂ ಬೆಂಗಳೂರಿನ ಬಸ್ಸು, ರೈಲು ಹತ್ತುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದ್ದೂ ಹೋಗುತ್ತದೆ. ಅಲ್ಲಿ ಕೈ ನೋಡುವವರು ಒಂದು ಕಡೆ, ಎದೆ ನೋಡುವವರು ಇನ್ನೊಂದು ಕಡೆ. ಎರಡು ಫೈಲೂ ರೋಗಿಯ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತವೆ, ಆದರೆ ಒಟ್ಟಿಗೆ ತೆರೆಯುವುದು ಅಪರೂಪ. ಎದೆನೋವಿನ ಚಿಕಿತ್ಸೆ ಮಾತ್ರ ಹತ್ತಿರ ಬಂದಿದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ರುಮಟಾಯ್ಡ್, ಲೂಪಸ್ ಇರುವವರು ಅಲ್ಲಿಗೆ ಹೋದಾಗ ಕಾಯಿಲೆಯ ಹೆಸರನ್ನೂ, ತಿನ್ನುತ್ತಿರುವ ಮಾತ್ರೆಯನ್ನೂ ತಾವೇ ಬಾಯಿಬಿಟ್ಟು ಹೇಳಬೇಕು.

2024ರಲ್ಲಿ ಬಂದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬೆರಳು ಬಿಗಿಯುತ್ತಾ, ಆರು ವಾರದಿಂದ ಊತ ಇದೆಯಾ ಅಂತ ಅದೇ ಹೊತ್ತಿನಲ್ಲಿ ಕೇಳಲು ಯಂತ್ರ ಬೇಡ, ಖರ್ಚೂ ಇಲ್ಲ. ಹೌದು ಎಂದವರನ್ನು ಮೊದಲು ರಕ್ತಪರೀಕ್ಷೆಗೆ ಕಳಿಸಬಹುದು. ಕಾಯಿಲೆ ಖಚಿತವಾದ ದಿನವೇ ಬಿಪಿ, ಕೊಲೆಸ್ಟ್ರಾಲ್, ಇಸಿಜಿ ನೋಡಿ, ಬೀಡಿ ಸಿಗರೇಟು ಬಿಡಿಸಬಹುದು. ಐದು ವರ್ಷಕ್ಕೊಮ್ಮೆಯಾದರೂ ಹೃದಯದ ಅಪಾಯದ ಲೆಕ್ಕ ಮತ್ತೆ ಹಾಕಬೇಕು, ಕಾಯಿಲೆ ಜೋರಾಗಿದ್ದರೆ ಇನ್ನೂ ಬೇಗ. ಇಸಿಜಿಯವರೆಗಿನ ಇಷ್ಟೂ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಬೆಂಗಳೂರು ಬೇಕಾಗುವುದು ಅದರ ನಂತರ.