ಹೆಸರಲ್ಲಿ ತೋಳ, ಹೊಟ್ಟೆಯಲ್ಲಿ ಹಣ್ಣು

ಕಾಡುಪ್ರಾಣಿಯ ನಿಜ ಗುಣ ತಿಳಿಯಬೇಕಾದರೆ ಅದರ ಮುಖ ನೋಡಿದರೆ ಸಾಲದು, ಹಿಕ್ಕೆ ನೋಡಬೇಕು. ಬ್ರೆಜಿಲ್‌ನ ಮೇನ್ಡ್ ವುಲ್ಫ್, ಅಂದರೆ ಜೂಲಿನ ತೋಳ ಎಂಬ ಹೆಸರಿನ ಪ್ರಾಣಿಯ ವಿಷಯದಲ್ಲಂತೂ ಈ ಮಾತು ನೂರಕ್ಕೆ ನೂರು ಸತ್ಯ. 1970ರ ದಶಕದ ಕೊನೆಯಲ್ಲಿ ಜೇಮ್ಸ್ ಡೀಟ್ಸ್ ಎಂಬ ಸಂಶೋಧಕರು ಅಲ್ಲಿನ ಸೆರ್ರಾ ದ ಕನಾಸ್ತ್ರಾ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲಿನಲ್ಲಿ ಅಲೆದು ಈ ಪ್ರಾಣಿಯ ಹಿಕ್ಕೆ ಆರಿಸಿದರು. ತೊಳೆದು, ಸೋಸಿ, ಬಿಡಿಸಿ ನೋಡಿದರು. ಇಲಿಯಂಥ ಸಣ್ಣ ಪ್ರಾಣಿಗಳ ಮೂಳೆ ಇತ್ತು, ಹಕ್ಕಿಯ ಪುಕ್ಕ ಇತ್ತು. ಅದು ನಿರೀಕ್ಷೆ ಮಾಡಿದ್ದೇ. ಆದರೆ ಅದರ ಊಟದಲ್ಲಿ ಸುಮಾರು ಅರ್ಧ ಭಾಗ ಸಸ್ಯಾಹಾರ! ಅದರಲ್ಲೂ ಒಂದೇ ಜಾತಿಯ ಹಣ್ಣಿನ ಬೀಜ ರಾಶಿ ರಾಶಿ.

ತೋಳ ಹಣ್ಣು ತಿನ್ನುತ್ತದೆಯೇ ಎಂದು ಹುಬ್ಬೇರಿಸಬೇಡಿ. ಇದು ತೋಳವೇ ಅಲ್ಲ. ಪೋರ್ಚುಗೀಸ್ ಮಾತಾಡುವವರು ಇದನ್ನು ಲೋಬೊ ಗ್ವಾರಾ ಎನ್ನುತ್ತಾರೆ, ಲೋಬೊ ಎಂದರೆ ತೋಳ. ಅಲ್ಲಿನ ಗ್ವಾರನಿ ಜನರ ಬಾಯಲ್ಲಿ ಇದು ಅಗ್ವಾರಾ ಗ್ವಾಸು, ಅಂದರೆ ದೊಡ್ಡ ನರಿ. ವಿಜ್ಞಾನಿಗಳು ಕೊಟ್ಟ ಹೆಸರು ಕ್ರೈಸೊಸಯಾನ್ ಬ್ರ್ಯಾಕ್ಯೂರಸ್, ಅಂದರೆ ಗಿಡ್ಡ ಬಾಲದ ಚಿನ್ನದ ನಾಯಿ. ತೋಳ, ನರಿ, ನಾಯಿ ಮೂರೂ ಅಲ್ಲ. ನಾಯಿಗಳ ದೊಡ್ಡ ಕುಟುಂಬದಲ್ಲಿ ಇದರದ್ದೇ ಒಂದು ಪ್ರತ್ಯೇಕ ಕುಲ, ಆ ಕುಲದಲ್ಲಿ ಉಳಿದಿರುವುದು ಇದೊಂದೇ. ಕೆಂಪು ಮೈ, ಕರಿ ಕಾಲು, ಹೆಗಲ ಮೇಲೆ ಕಪ್ಪು ಜೂಲು, ಅಗಲ ಕಿವಿ. ಭುಜದ ಎತ್ತರ ಸುಮಾರು 90 ಸೆಂಟಿಮೀಟರ್, ತೂಕ ಮಾತ್ರ 20ರಿಂದ 30 ಕಿಲೊ. ಎತ್ತರದ ಹುಲ್ಲಿನ ಮೇಲಿಂದ ಇಣುಕಲು ಆ ಉದ್ದ ಕಾಲು. ಅಷ್ಟೇ.

ಇದರ ಬಳಗದ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅರ್ಜೆಂಟೀನಾದ ಆಚೆ, ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ವಾರ್ರಾ ಎಂಬ ಪ್ರಾಣಿ ಇತ್ತು. ಮನುಷ್ಯರನ್ನು ಕಂಡರೆ ಅದಕ್ಕೆ ಹೆದರಿಕೆಯೇ ಇರಲಿಲ್ಲ. 1830ರ ದಶಕದಲ್ಲಿ ಅಲ್ಲಿಗೆ ಹೋದ ಚಾರ್ಲ್ಸ್ ಡಾರ್ವಿನ್ ಅದನ್ನು ನೋಡಿ, ಇದು ಬೇಗನೇ ಭೂಮಿಯಿಂದ ಕಣ್ಮರೆಯಾಗುತ್ತದೆ ಎಂದು ಬರೆದರು. 1876ರ ಹೊತ್ತಿಗೆ ಅದು ಅಳಿದೇ ಹೋಯಿತು. 2009ರಲ್ಲಿ ಮ್ಯೂಸಿಯಂನಲ್ಲಿದ್ದ ಹಳೆಯ ಮಾದರಿಗಳ ಡಿಎನ್‌ಎ ತೆಗೆದು ಹೋಲಿಸಿದಾಗ, ಇಂದು ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಅತಿ ಹತ್ತಿರದ ನೆಂಟ ನಮ್ಮ ಈ ಲೋಬೊ ಗ್ವಾರಾ ಎಂದು ಗೊತ್ತಾಯಿತು. ಹತ್ತಿರ ಎಂದರೂ ಇಬ್ಬರೂ ಬೇರೆಯಾಗಿ 60 ಲಕ್ಷ ವರ್ಷಕ್ಕೂ ಜಾಸ್ತಿ! ಆಗ ಎರಡು ಅಮೆರಿಕಗಳನ್ನು ಜೋಡಿಸುವ ಪನಾಮಾ ಭೂಸೇತುವೆ ಪೂರ್ತಿಯಾಗಿರಲಿಲ್ಲ. ಅಂದರೆ ಉತ್ತರ ಅಮೆರಿಕದಲ್ಲೇ ಕವಲೊಡೆದು, ಆಮೇಲೆ ದಕ್ಷಿಣಕ್ಕೆ ಇಳಿದು ಬಂದವರು ಇವರು.

ಇನ್ನು ಆ ಹಣ್ಣಿಗೆ ಬರೋಣ. ಅದರ ಹೆಸರು ಲೋಬೇರಾ. ತೋಳದ ಹಣ್ಣು ಎಂದೇ ಕರೆಯುತ್ತಾರೆ. ಬದನೆ, ಟೊಮೆಟೊ, ಆಲೂಗಡ್ಡೆಗಳ ಸೊಲಾನಮ್ ಕುಲಕ್ಕೆ ಸೇರಿದ್ದು. ನಮ್ಮ ಉಡುಪಿಯ ಮಟ್ಟುಗುಳ್ಳ ನೋಡಿದವರಿಗೆ ಇದರ ಅಂದಾಜು ಸುಲಭ. ಗುಂಡಗೆ, ಹಸಿರಾಗಿ, ಅರ್ಧ ಕಿಲೊ ತೂಗುವಷ್ಟು ದೊಡ್ಡದಾಗಿ ಬೆಳೆಯುತ್ತದೆ. ಒಳಗೆ ನೂರಾರು ಬೀಜ. ಲೋಬೊ ಗ್ವಾರಾ ಇದನ್ನು ತಿಂದು, ಬೀಜ ಹೊಟ್ಟೆಯಲ್ಲಿಟ್ಟುಕೊಂಡು ನಡೆಯುತ್ತದೆ. ಒಂದು ಜೋಡಿಯ ವಾಸದ ಜಾಗವೇ 25–30 ಚದರ ಕಿಲೊಮೀಟರ್.

ನನ್ನ ಮನಸ್ಸು ಹಿಡಿದ ಭಾಗ ಇನ್ನು ಮುಂದಿದೆ. ಈ ಪ್ರಾಣಿ ಎಲ್ಲೆಂದರಲ್ಲಿ ಹಿಕ್ಕೆ ಹಾಕುವುದಿಲ್ಲ. ತನ್ನ ಗಡಿ ಸಾರಬೇಕಲ್ವಾ, ಎತ್ತರದ ಜಾಗ ಹುಡುಕುತ್ತದೆ. ಗೆದ್ದಲ ಹುತ್ತ, ಎಲೆ ಕತ್ತರಿಸುವ ಇರುವೆಗಳ ಗೂಡಿನ ದಿಬ್ಬ ಅದಕ್ಕೆ ಇಷ್ಟ. ಈ ಇರುವೆಗಳು ರೈತರ ಹಾಗೆ. ಎಲೆ ಕತ್ತರಿಸಿ ತಂದು ನೆಲದಡಿ ಹಾಸಿ, ಅದರ ಮೇಲೆ ಶಿಲೀಂಧ್ರ ಬೆಳೆದು ತಿನ್ನುತ್ತವೆ. ಆ ತೋಟಕ್ಕೆ ಬಾಗಿಲಲ್ಲೇ ಗೊಬ್ಬರ ಬಂದು ಬಿದ್ದರೆ ಬಿಡುತ್ತವೆಯೇ? ಹಿಕ್ಕೆಯನ್ನು ಚೂರು ಚೂರು ಮಾಡಿ ಒಳಗೆ ಒಯ್ಯುತ್ತವೆ. ಬೇಡವಾದ ಬೀಜಗಳನ್ನು ತಂದು ಗೂಡಿನ ಕಸದ ಗುಡ್ಡೆಗೆ ಎಸೆಯುತ್ತವೆ. ನಮ್ಮ ಹಳ್ಳಿಗಳಲ್ಲಿ ಯಾರೂ ಬಿತ್ತದೆ ತಿಪ್ಪೆಯ ಮೇಲೆ ಕುಂಬಳದ ಬಳ್ಳಿ, ಟೊಮೆಟೊ ಗಿಡ ಏಳುತ್ತವಲ್ಲ, ಥೇಟ್ ಹಾಗೆ ಇರುವೆಯ ತಿಪ್ಪೆಯಲ್ಲಿ ಲೋಬೇರಾ ಮೊಳೆಯುತ್ತದೆ. ಗಿಡ ಕಾಗದ ಬರೆಯಿತು, ಲೋಬೊ ಗ್ವಾರಾ ಅಂಚೆಯಣ್ಣನಾಗಿ ಊರು ದಾಟಿಸಿತು, ಇರುವೆ ಅದನ್ನು ಮನೆಯೊಳಗೆ ತಲುಪಿಸಿತು ಎನ್ನಬಹುದು. ಇಲ್ಲ, ಕೂರಿಗೆಯ ಹೋಲಿಕೆಯೇ ಇನ್ನೂ ಚೆನ್ನ. ಮೇಲೆ ಬೀಜ, ಜೊತೆಗೇ ಗೊಬ್ಬರ, ಹಿಂದೆ ಮಣ್ಣು ಮುಚ್ಚುವ ಆಳು. ಇದು ನಾಲ್ಕು ಕಾಲಿನ ಕೂರಿಗೆ. ಮರ ಆ ಹಣ್ಣಿನ ತಿರುಳನ್ನು ಕೂಲಿಯಾಗಿ ಕೊಟ್ಟಿದೆ.

ತೋಳವೆಂಬ ಹೆಸರು ನಂಬಿ, ಇದು ದನ ಕೊಲ್ಲುತ್ತದೆಂದು ಮೋಸ ಹೋದವರು ಅಲ್ಲಿನ ಹಳ್ಳಿಯವರಷ್ಟೇ ಅಲ್ಲ. ಹಿಂದೆ ಮೃಗಾಲಯಗಳಲ್ಲಿ ತೋಳವೆಂದು ತಿಳಿದು ಇದಕ್ಕೆ ಮಾಂಸವನ್ನೇ ಹಾಕುತ್ತಿದ್ದರು. ಎಷ್ಟೋ ಪ್ರಾಣಿಗಳ ಮೂತ್ರಕೋಶದಲ್ಲಿ ಕಲ್ಲು ಬೆಳೆಯಿತು. ಕಾರಣ ಸಿಸ್ಟಿನೂರಿಯಾ ಎಂಬ ಹುಟ್ಟುದೋಷ, ಕಾಡಿನ ಪ್ರಾಣಿಗಳಲ್ಲೂ ಕಂಡಿದೆ. ಮೂತ್ರಪಿಂಡವು ರಕ್ತ ಸೋಸುವಾಗ ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ವಾಪಸ್ ಹೀರಿಕೊಳ್ಳಬೇಕು. ಇಲ್ಲಿ ಹೀರಿಕೊಳ್ಳುವುದಿಲ್ಲ, ಅದು ಮೂತ್ರಕ್ಕೆ ಸೋರುತ್ತದೆ. ಅದು ಸರಿಯಾಗಿ ಕರಗುವುದೂ ಇಲ್ಲ, ಹರಳುಗಟ್ಟುತ್ತದೆ. ಮಾಂಸ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ. ಈಗ ಮೃಗಾಲಯಗಳು ಪ್ರೋಟೀನು ಕಡಿಮೆ ಮಾಡಿ, ಹಣ್ಣು ತರಕಾರಿ ಸೇರಿಸಿ ಕೊಡುತ್ತವೆ.

ಹಿಕ್ಕೆ ಇನ್ನೂ ಏನೇನೋ ಹೇಳಿದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು ಹಿಕ್ಕೆಯಲ್ಲಿನ ಹಾರ್ಮೋನು ಅಳೆದು, ಗಂಡು ಹತ್ತಿರವಿಲ್ಲದಿದ್ದರೆ ಹೆಣ್ಣಿನಲ್ಲಿ ಅಂಡ ಬಿಡುಗಡೆಯೇ ಆಗುವುದಿಲ್ಲವೆಂದು ಕಂಡುಕೊಂಡರು. ನಾಯಿ ಜಾತಿಯಲ್ಲಿ ಇದು ತೀರಾ ವಿಶೇಷ. ಜೋಡಿಯಾಗಿದ್ದೂ ಬೇರೆಬೇರೆ ಅಲೆಯುವ ಜೀವಿ ಇದು. ಗಂಡು ಪಕ್ಕದಲ್ಲಿದ್ದಾಗ ಮಾತ್ರ ಮೈ ಸಿದ್ಧವಾಗುವುದು ಅದಕ್ಕೆ ಅನುಕೂಲವೇ. ಇಬ್ಬರ ನಡುವೆ ಸುದ್ದಿ ಸಾಗುವುದು ಮೂತ್ರದ ಘಾಟಿನಿಂದ. ಆ ಘಾಟು ಗಾಂಜಾ ಹೊಗೆಯಂತೆಯೇ ಇರುತ್ತದೆ. 2006ರಲ್ಲಿ ನೆದರ್ಲೆಂಡ್ಸಿನ ರೊಟರ್‌ಡ್ಯಾಮ್ ಮೃಗಾಲಯದಲ್ಲಿ ಯಾರೋ ಗಾಂಜಾ ಸೇದುತ್ತಿದ್ದಾರೆಂದು ಪೊಲೀಸರು ಬಂದು ಹುಡುಕಿದ್ದೂ ಉಂಟು! ಬ್ರೆಜಿಲ್‌ನ ಎಮಾಸ್ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ಲಿ ವಿನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ತರಬೇತಾದ ನಾಯಿಗಳಿಂದ ಹಿಕ್ಕೆ ಹುಡುಕಿಸಿದರು. ಪ್ರಾಣಿಯನ್ನು ಹಿಡಿಯದೆ, ಹೆದರಿಸದೆ ಅದು ಎಲ್ಲೆಲ್ಲಿ ಓಡಾಡುತ್ತದೆಂದು ತಿಳಿಯಿತು. ಉದ್ಯಾನದ ಬೇಲಿಯಾಚೆಯ ಹೊಲಗಳಲ್ಲೂ ಅದು ಓಡಾಡುತ್ತಿತ್ತು.

ಆ ಬೇಲಿಯಾಚೆಯೇ ತೊಂದರೆ. ಇದರ ಮುಖ್ಯ ನೆಲೆ ಸೆರಾಡೊ ಎಂಬ ಹುಲ್ಲುಗಾವಲು, ಸುಮಾರು 20 ಲಕ್ಷ ಚದರ ಕಿಲೊಮೀಟರ್. ಅದರಲ್ಲಿ ಸರಿಸುಮಾರು ಅರ್ಧ ಈಗಾಗಲೇ ಸೋಯಾ, ಕಬ್ಬು, ದನದ ಮೇವಿನ ಪಾಲಾಗಿದೆ. ಮರವಿಲ್ಲದ ನೆಲ ಪಾಳು ನೆಲ ಎನ್ನುವ ತಪ್ಪು ಕಲ್ಪನೆ ಅಲ್ಲೂ ಇದೆ, ನಮ್ಮಲ್ಲೂ ಇದೆ. ಉಳಿದಿರುವ ಬೆಳೆದ ಲೋಬೊ ಗ್ವಾರಾಗಳು ಸುಮಾರು 17,000, ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಬ್ರೆಜಿಲ್‌ನಲ್ಲೇ. ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುತ್ತವೆ. ಸಾಕುನಾಯಿಗಳಿಂದ ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳು, ಕಜ್ಜಿ ಹತ್ತುತ್ತವೆ.

ಇವೆಲ್ಲಕ್ಕಿಂತ ನನಗೆ ಸಂಕಟವಾಗುವುದು ಒಂದು ನಂಬಿಕೆ. ಜೀವಂತ ಪ್ರಾಣಿಯ ಕಣ್ಣು ಕಿತ್ತು ಇಟ್ಟುಕೊಂಡರೆ ಅದೃಷ್ಟ ಬರುತ್ತದಂತೆ. ನಮ್ಮಲ್ಲಿ ನರಿಗೆ ಇಲ್ಲದ ಕೊಂಬನ್ನು ನರಿಕೊಂಬು ಎಂದು ಮಾರುವವರಿದ್ದಾರಲ್ಲ, ಅದೇ ಜಾತಿಯ ಕ್ರೌರ್ಯ ಇದು. ಕಣ್ಣು ಬೆಳಕು ಹಿಡಿಯುವ ಅಂಗ, ಅದೃಷ್ಟ ಹಿಡಿಯುವುದಿಲ್ಲ. ಈ ಮಾತನ್ನು ಶಾಲೆಯಲ್ಲಿ, ಸಂತೆಯಲ್ಲಿ ಎಷ್ಟು ಸಲ ಹೇಳಿದರೂ ಸಾಲದು.

ಕೋಳಿಯ ವಿಷಯ ಬೇರೆ. ಲೋಬೊ ಗ್ವಾರಾ ಕೋಳಿ ಕದಿಯುವುದು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಹಸು ಕೊಲ್ಲುತ್ತದೆ, ಕರು ಹೊತ್ತೊಯ್ಯುತ್ತದೆ ಎಂಬುದೆಲ್ಲ ಆ ಹೆಸರು ತಂದ ಅಪವಾದ. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎಂಬ ಗಾದೆ ತೋಳವೇ ಅಲ್ಲದ ಈ ಪ್ರಾಣಿಗೂ ತಟ್ಟಿದೆ. ಇಷ್ಟಕ್ಕೂ ಕೋಳಿ ಉಳಿಸಲು ಬಂದೂಕು ಬೇಕಿಲ್ಲ. ಸಂಜೆ ಕತ್ತಲಾಗುವ ಮೊದಲು ಕೋಳಿಗಳನ್ನು ಗೂಡಿಗೆ ತುಂಬಿ, ತಂತಿಬಲೆ ಬಿಗಿದು, ಚಿಲಕ ಹಾಕಿದರೆ ಆಯಿತು. ರಾತ್ರಿ ಬಂದ ಪ್ರಾಣಿ ಮೂಸಿ ನೋಡಿ, ಮೇವಿನ ಹೊಲದ ಅಂಚಿನಲ್ಲಿ ಲೋಬೇರಾ ಉದುರಿದ ಕಡೆಗೆ ನಡೆಯುತ್ತದೆ.