ಕೊಡೆ ಬಿಚ್ಚಿ ಅಳೆಯಿರಿ

ಫುಟ್‌ಪಾತ್ ನೋಡಲು ಹೊರಟಾಗ ನನ್ನ ಚೀಲದಲ್ಲಿ ಟೇಪಿನ ಜೊತೆಗೆ ಒಂದು ಕೊಡೆಯೂ ಇರುತ್ತದೆ. ಶಿರಸಿಯಲ್ಲಿ ಮಳೆಗಾಲ ಮುಗಿಯುವವರೆಗೆ ಮನುಷ್ಯನ ಅಗಲವೆಂದರೆ ಕೊಡೆಯ ಅಗಲ. ಬಿಚ್ಚಿದರೆ ಹತ್ತಿರಹತ್ತಿರ ಒಂದು ಮೀಟರ್. ಎದುರುಬದುರಾದ ಇಬ್ಬರು ಕೊಡೆ ತುಸು ಓರೆ ಮಾಡಿಕೊಂಡು ದಾಟಲು 1.8 ಮೀಟರ್ ಬೇಕು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿ ಹೇಳುವ ಕನಿಷ್ಠ ಅಗಲವೂ ಅಷ್ಟೇ. ಅಲ್ಲಿರುವುದು ಎರಡು ಗಾಲಿಕುರ್ಚಿಗಳ ಲೆಕ್ಕ, ನಮ್ಮದು ಕೊಡೆಯ ಲೆಕ್ಕ.

ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಫುಟ್‌ಪಾತ್ ಎಂದರೆ ಬಹುಮಟ್ಟಿಗೆ ಗಟಾರದ ಮುಚ್ಚಳ. ಅದರಲ್ಲಿ ತಪ್ಪಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವಾಗ ನೀರಿಗೇ ಮೊದಲ ಹಕ್ಕು. ತಕರಾರು ಇರುವುದು ಎತ್ತರದ ಬಗ್ಗೆ. ಮರುಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯುವುದಿಲ್ಲ. ರಸ್ತೆ ಏರುತ್ತಲೇ ಹೋಗುತ್ತದೆ. ಮುಂದಿನ ಡಾಂಬರಿಗೂ ಇರಲಿ ಎಂದು ಗಟಾರದ ಗೋಡೆಯನ್ನು ಮೊದಲೇ ಎತ್ತರಿಸಿ ಕಟ್ಟುತ್ತೇವೆ.

ಈ ಪಾಪದಲ್ಲಿ ನನ್ನದೂ ಪಾಲಿದೆ. ನಾನೇ ನಕ್ಷೆ ಬರೆದ ಒಂದು ಬೀದಿಯಲ್ಲಿ ಚಪ್ಪಡಿ ರಸ್ತೆಯಿಂದ 400 ಮಿ.ಮೀ. ಮೇಲಿತ್ತು. ಕೈಪಿಡಿ 150 ಮೀರಬೇಡಿ ಎನ್ನುತ್ತದೆ. ನೀರು ಸರಾಗವಾಗಿ ಹರಿಯಿತು, ಬಿಲ್ಲೂ ಪಾಸಾಯಿತು. ಒಂದು ದಿನ ಅಲ್ಲಿ ನಿಂತಿದ್ದಾಗ, ಸೀರೆಯ ನೆರಿಗೆ ಎತ್ತಿ ಹಿಡಿದು ಬೈಕುಗಳ ನಡುವೆ ಬರುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: “ತಮ್ಮಾ, ಇದನ್ನು ನಡೆಯುವುದಕ್ಕೆ ಮಾಡಿದ್ದೋ, ಕೂರುವುದಕ್ಕೋ?” ಆಗ ನಾಲ್ಕು ಜನ ಅದರ ಮೇಲೆ ಕುಳಿತು ಬಸ್ಸಿಗೆ ಕಾಯುತ್ತಿದ್ದರು.

ಎತ್ತರಕ್ಕಿಂತಲೂ ಕೆಟ್ಟದ್ದು ಏರಿಳಿತ. ಪ್ರತಿ ಗೇಟಿನ ಮುಂದೆ ಚಪ್ಪಡಿ ತುಂಡಾಗುತ್ತದೆ: ಇಳಿಯಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕಾರವಾರದ ಪೇಟೆಗೆ ಬರುವ ಹೆಂಗಸು ಕಾಲಡಿ ನೋಡುವುದಾದರೂ ಹೇಗೆ? ಫುಟ್‌ಪಾತ್ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಸಾಗಬೇಕು. ಹತ್ತಿ ಇಳಿಯುವ ಶ್ರಮ ಕಾರಿಗಿರಲಿ, ಅದಕ್ಕೆ ಮಂಡಿನೋವಿಲ್ಲ.

ಸೈಕಲ್ಲಿನವರಿಗೆ ಗಟಾರದ ಕಬ್ಬಿಣದ ಜಾಲರಿಯೇ ಶತ್ರು. ಸರಳುಗಳು ರಸ್ತೆಯುದ್ದಕ್ಕೆ ಇದ್ದರೆ ತೆಳ್ಳನೆಯ ಚಕ್ರ ಸಂದಿನಲ್ಲಿ ಸಿಕ್ಕಿ ಹುಡುಗ ಮುಂದಕ್ಕೆ ಬೀಳುತ್ತಾನೆ. ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಸಾಕು. ಖರ್ಚು ಬೆಸುಗೆಯವನ ಅರ್ಧ ದಿನದ ಕೂಲಿ.

ಬಸ್ ನಿಲ್ಲಲು ರಸ್ತೆಯ ಅಂಚನ್ನು ಒಳಕ್ಕೆ ಕೊರೆಯುವ ರೂಢಿಯೂ ನನಗೆ ಒಪ್ಪಿಗೆಯಿಲ್ಲ. ಒಳಹೋದರೆ ಮತ್ತೆ ಹೊರಬರಲು ಯಾರೂ ದಾರಿ ಬಿಡುವುದಿಲ್ಲವೆಂದು ಚಾಲಕ ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸುತ್ತಾನೆ. ಆ ಜಾಗಕ್ಕೆ ಆಟೋಗಳು ಬರುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದ ಹೆಂಗಸರು ಆ ಆಟೋಗಳ ಸಂದಿಯಲ್ಲಿ ನುಸುಳಿ ಬಸ್ಸಿಗೆ ಓಡುವುದನ್ನು ದಿನವೂ ನೋಡುತ್ತೇನೆ. ಅದರ ಬದಲು ಫುಟ್‌ಪಾತನ್ನೇ ಬಸ್ಸಿನ ಬಾಗಿಲವರೆಗೆ ಮುಂದೆ ಚಾಚಬಹುದು.

ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಜ್ಜಿಯ ಬೀದಿಯಲ್ಲಿ ಈಗ ಅರ್ಧದಷ್ಟು ಚಪ್ಪಡಿ ತಗ್ಗಿಸಿದ್ದಾರೆ. ಉಳಿದರ್ಧದ ಮೇಲೆ ಜನ ಇನ್ನೂ ಕೂರುತ್ತಾರೆ.