ಕುವೈತ್: ಮೊಮ್ಮಕ್ಕಳ ಇಡುಗಂಟು, ತಿಂಗಳ ಸಂಬಳ

2020ರ ಆಗಸ್ಟ್‌ನಲ್ಲಿ ಕುವೈತ್‌ನ ಅಂದಿನ ಹಣಕಾಸು ಸಚಿವ ಬರಾಕ್ ಅಲ್ ಶೀತಾನ್ ಸಂಸತ್ತಿಗೆ ಒಂದು ಲೆಕ್ಕ ಕೊಟ್ಟರು. ಖಜಾನೆಯಲ್ಲಿ ಕೈಗೆ ಸಿಗುವ ನಗದು 200 ಕೋಟಿ ದಿನಾರ್ ಮಾತ್ರ, ಅಕ್ಟೋಬರ್ ಕಳೆದರೆ ಸರ್ಕಾರಿ ಸಂಬಳಕ್ಕೆ ಅದು ಸಾಲದು ಎಂದರು. ಅದೇ ದಿನ ಅದೇ ದೇಶದ ಇನ್ನೊಂದು ನಿಧಿಯಲ್ಲಿ, ಹೊರಗಿನವರ ಅಂದಾಜಿನಂತೆ, 50,000 ಕೋಟಿ ಡಾಲರ್‌ಗೂ ಹೆಚ್ಚಿನ ಆಸ್ತಿ ಇತ್ತು. ಇಷ್ಟು ದೊಡ್ಡ ಇಡುಗಂಟು ಕಟ್ಟಿಟ್ಟ ಮನೆ ಸಂಬಳದ ದಿನಕ್ಕೆ ಹೆದರುವ ಸ್ಥಿತಿಗೆ ಬಂದದ್ದು ಹೇಗೆಂದು ತಿಳಿಯಲು ತೈಲಕ್ಕಿಂತ ಹಿಂದಕ್ಕೆ ಹೋಗಬೇಕು.

ಆಗ ಕುವೈತ್ ಬದುಕಿದ್ದು ಮುತ್ತಿನಿಂದ, ಹಡಗಿನಿಂದ. ಬಸ್ರಾದ ಖರ್ಜೂರ ತುಂಬಿಕೊಂಡು ಅವರ ಹಾಯಿಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಹೋಗುವಾಗ ಮಲಬಾರಿನ ಮರ ಒಯ್ಯುತ್ತಿದ್ದವು. ಅಲ್ಲಿನ ಪೇಟೆಯಲ್ಲಿ 1961ರವರೆಗೆ ಓಡಿದ್ದು ರೂಪಾಯಿಯೇ. 1930ರ ಹೊತ್ತಿಗೆ ಜಪಾನಿನವರು ಸಾಕಿ ಬೆಳೆಸಿದ ಮುತ್ತು ಮಾರುಕಟ್ಟೆಗೆ ಬಂತು, ಜಗತ್ತಿಗೆಲ್ಲ ಆರ್ಥಿಕ ಕುಸಿತವೂ ಬಡಿಯಿತು. ಮುಳುಗುಗಾರರ ಊರು ಕೆಲವೇ ವರ್ಷಗಳಲ್ಲಿ ಬಡವಾಯಿತು. ಒಂದೇ ಸರಕನ್ನು ನಂಬಿ ಕೆಟ್ಟ ನೆನಪು ಹಸಿಯಾಗಿರುವಾಗಲೇ, 1938ರ ಫೆಬ್ರವರಿಯಲ್ಲಿ, ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು. ಎರಡನೇ ಮಹಾಯುದ್ಧದ ಕಾರಣ ಬಾವಿಗಳನ್ನು ಮುಚ್ಚಿದ್ದರು. ಮೊದಲ ರಫ್ತು ಹಡಗು ಹೊರಟದ್ದು 1946ರ ಜೂನ್‌ನಲ್ಲಿ.

ಆ ನೆನಪಿನ ಫಲವೋ ಏನೋ, ಅಮೀರ್ ಶೇಖ್ ಅಬ್ದುಲ್ಲಾ ಅಲ್ ಸಾಲಿಮ್ ಆಳುತ್ತಿದ್ದ 1953ರಲ್ಲೇ, ಸ್ವಾತಂತ್ರ್ಯಕ್ಕೆ ಇನ್ನೂ 8 ವರ್ಷವಿರುವಾಗ, ಲಂಡನ್ನಿನಲ್ಲಿ ಒಂದು ಹೂಡಿಕೆ ಮಂಡಳಿ ಶುರುವಾಯಿತು. ದೇಶವೇ ಹಣ ಕೂಡಿಟ್ಟು ಹೂಡುವ, ಇಂದು ಸಾರ್ವಭೌಮ ನಿಧಿ ಎಂದು ಕರೆಯುವ ಪದ್ಧತಿಗೆ ಅದೇ ಮೊದಲ ಹೆಜ್ಜೆ ಎನ್ನುತ್ತಾರೆ. 1976ರ ಕಾನೂನು ಇನ್ನೂ ದೂರ ನೋಡಿತು. ಅಲ್ಲಿಯವರೆಗೆ ಕೂಡಿಟ್ಟಿದ್ದ ಸಾಮಾನ್ಯ ಮೀಸಲಿನ, ಅಂದರೆ ಸರ್ಕಾರದ ಖರ್ಚಿನ ಖಜಾನೆಯ, ಅರ್ಧವನ್ನು ‘ಮುಂದಿನ ತಲೆಮಾರುಗಳ ನಿಧಿ’ಗೆ ವರ್ಗಾಯಿಸಬೇಕು, ಅಲ್ಲಿಂದ ಮುಂದೆ ಪ್ರತಿ ವರ್ಷ ಸರ್ಕಾರದ ಆದಾಯದ ಶೇ 10 ಅಲ್ಲಿಗೆ ಸೇರಬೇಕು, ಅದನ್ನು ಮುಟ್ಟಬಾರದು. ಇದನ್ನು ನಾನು ತುಂಬು ಗೌರವದಿಂದಲೇ ಹೇಳುತ್ತೇನೆ. ದುಡ್ಡು ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ ಹುಟ್ಟದ ಮಕ್ಕಳ ಪಾಲು ತೆಗೆದಿಟ್ಟ ಸರ್ಕಾರಗಳು ಆಗ ತೀರಾ ವಿರಳ. 1980ರ ದಶಕದಲ್ಲಿ ತೈಲದ ದರ ಬಿದ್ದಾಗ, ಹೂಡಿಕೆಯಿಂದ ಬಂದ ಹಣ ತೈಲದ ಹಣವನ್ನೇ ಮೀರಿಸಿದ ವರ್ಷವೂ ಇತ್ತು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ನುಗ್ಗಿದಾಗ ದೇಶವೇ ಕೈತಪ್ಪಿತು, ನಿಧಿ ಮಾತ್ರ ಹೊರದೇಶಗಳಲ್ಲಿ ಸುರಕ್ಷಿತವಾಗಿತ್ತು. ದೇಶಭ್ರಷ್ಟ ಸರ್ಕಾರ ನಡೆದದ್ದು ಅದರಿಂದ, ಯುದ್ಧದ ಖರ್ಚು ತೆತ್ತದ್ದು ಅದರಿಂದ. ಸೋತು ಹಿಮ್ಮೆಟ್ಟುವಾಗ ಇರಾಕಿಗಳು 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟರು. ಕೊನೆಯ ಬಾವಿ ಆರಿದ್ದು 1991ರ ನವೆಂಬರ್‌ನಲ್ಲಿ. ಆ ಬಳಿಕ ಊರು ಕಟ್ಟಿದ್ದಕ್ಕೂ ಆಧಾರ ಅದೇ ನಿಧಿ. ಇರಾಕ್ ನುಗ್ಗಿದ 1990ರಲ್ಲಿ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಭಾರತಕ್ಕೆ ಮರಳಿದ ಸುಮಾರು 1.7 ಲಕ್ಷ ಜನರಲ್ಲಿ ನಮ್ಮ ಕರಾವಳಿಯವರೂ ಇದ್ದರು. ವರ್ಷಗಳ ದುಡಿಮೆಯನ್ನು ಅಲ್ಲೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರ ನೋವು ಯಾವ ನಿಧಿಯ ಲೆಕ್ಕದಲ್ಲೂ ಇಲ್ಲ.

ಆ ಗಂಡಾಂತರದಲ್ಲಿ ನಿಧಿ ಕೈ ಹಿಡಿಯಿತು, ಸರಿ. ಆದರೆ ಎಂಥ ಕಷ್ಟ ಬಂದರೂ ಹಿಂದೆ ಗಂಟಿದೆ ಎಂಬ ಧೈರ್ಯವೇ ಮುಂದೆ ಬದಲಾವಣೆಗೆ ಅಡ್ಡ ನಿಂತಿತು ಎಂಬುದು ನನ್ನ ಓದು. ವಿಮೋಚನೆಯ ನಂತರ ಸರ್ಕಾರ ನಾಗರಿಕರ ಸಾಲ ಮನ್ನಾ ಮಾಡಿತು. 2011ರಲ್ಲಿ, ಅರಬ್ ದೇಶಗಳ ಬೀದಿಗಳಲ್ಲಿ ಜನ ಎದ್ದು ನಿಂತ ಹೊತ್ತಿನಲ್ಲಿ, ಪ್ರತಿ ನಾಗರಿಕನಿಗೂ 1,000 ದಿನಾರ್ ಮತ್ತು ಒಂದು ವರ್ಷಕ್ಕೂ ಹೆಚ್ಚು ಕಾಲ ಪುಕ್ಕಟೆ ರೇಷನ್ ಸಿಕ್ಕಿತು. ಮನೆಯ ವಿದ್ಯುತ್ತಿಗೆ ನಾಗರಿಕರು ಕೊಡುವ ದರ ಯೂನಿಟ್ಟಿಗೆ 2 ಫಿಲ್ಸ್ (1,000 ಫಿಲ್ಸ್ ಎಂದರೆ ಒಂದು ದಿನಾರ್), ಅದೂ 1966ರಿಂದ. ವೈಯಕ್ತಿಕ ಆದಾಯ ತೆರಿಗೆಯಿಲ್ಲ. ದುಡಿಯುವ ಕುವೈತಿಗಳಲ್ಲಿ ಬಹುಪಾಲು ಜನ ಸರ್ಕಾರಿ ನೌಕರರು. ಬಜೆಟ್ಟಿನ ಮುಕ್ಕಾಲು ಪಾಲಿನಷ್ಟು ಸಂಬಳಕ್ಕೂ ಸಬ್ಸಿಡಿಗೂ ಹೋಗುತ್ತದೆ. ಆ ಸಂಬಳವನ್ನು ಜನ ಕೆಲಸದ ಕೂಲಿಯೆಂದು ಮಾತ್ರ ಕಾಣುವುದಿಲ್ಲ, ನೆಲದ ತೈಲದಲ್ಲಿ ತಮಗಿರುವ ಪಾಲು ಎಂದೂ ಕಾಣುತ್ತಾರೆ. ಅದಕ್ಕೇ ಅದನ್ನು ಕಡಿತ ಮಾಡುವ ಮಾತು ಅಲ್ಲಿ ಅಷ್ಟು ಸೂಕ್ಷ್ಮ.

ಇದಕ್ಕೆಲ್ಲ ಸಂಸತ್ತೇ ಕಾರಣ ಎಂದು ಹೇಳುವವರಿದ್ದಾರೆ. 1963ರಲ್ಲಿ ಶುರುವಾದ ಕುವೈತಿನ ಚುನಾಯಿತ ಸಂಸತ್ತು ಕೊಲ್ಲಿಯ ಅರಸೊತ್ತಿಗೆಗಳಲ್ಲಿ ಅತ್ಯಂತ ಗಟ್ಟಿ ದನಿಯದಾಗಿತ್ತು. ಮಂತ್ರಿಗಳನ್ನು ಎಳೆದು ನಿಲ್ಲಿಸಿ ಪ್ರಶ್ನಿಸುತ್ತಿತ್ತು. ಸಂಬಳ ಏರಿಕೆ, ಸಾಲಮನ್ನಾದ ಬೇಡಿಕೆ ಅಲ್ಲಿ ಜೋರಾಗಿತ್ತೆಂಬುದು ನಿಜ. 2008ರ ಕೊನೆಯಲ್ಲಿ ಸಂಸದರ ಒತ್ತಡಕ್ಕೆ ಮಣಿದು ಸರ್ಕಾರ ಅಮೆರಿಕದ ರಾಸಾಯನಿಕ ಕಂಪನಿ ಡೌ ಜತೆಗಿನ ದೊಡ್ಡ ಒಪ್ಪಂದ ಮುರಿಯಿತು, ಅದಕ್ಕಾಗಿ 220 ಕೋಟಿ ಡಾಲರ್ ದಂಡ ತೆತ್ತಿತು. ಆದರೆ ಸಾರ್ವಜನಿಕ ಹಣ ಎಲ್ಲಿ ಹೋಯಿತೆಂದು ಬಹಿರಂಗವಾಗಿ ಕೇಳುತ್ತಿದ್ದ ಜಾಗವೂ ಅದೇ. ನಿಧಿಯ ಮೊತ್ತವನ್ನು ಸಾರ್ವಜನಿಕವಾಗಿ ಹೇಳುವುದನ್ನು ಕಾನೂನೇ ನಿಷೇಧಿಸಿರುವ ದೇಶದಲ್ಲಿ ಅದು ಸಣ್ಣ ವಿಷಯವಲ್ಲ.

2014ರಲ್ಲಿ ತೈಲದ ದರ ಕುಸಿಯಿತು. 2017ರಲ್ಲಿ ಸಾಲ ಎತ್ತಲು ಅನುಮತಿಸುವ ಕಾನೂನಿನ ಅವಧಿ ಮುಗಿಯಿತು, ಹೊಸದಕ್ಕೆ ಸಂಸತ್ತು ಒಪ್ಪಲಿಲ್ಲ. ಸಾಲ ಮಾಡುವಂತಿಲ್ಲ, ಮುಂದಿನ ತಲೆಮಾರಿನ ಗಂಟು ಮುಟ್ಟುವಂತಿಲ್ಲ. ಉಳಿದದ್ದು ಸಾಮಾನ್ಯ ಮೀಸಲು, ಕೊರತೆಯನ್ನೆಲ್ಲ ಅದರಿಂದಲೇ ತುಂಬಿದರು. ಕೊರೊನಾ ವರ್ಷದಲ್ಲಿ ಅದು ತಳ ಕಂಡಿತು. ಆಗ ಸಾಮಾನ್ಯ ಮೀಸಲಿನ ಆಸ್ತಿಗಳನ್ನು ಮುಂದಿನ ತಲೆಮಾರುಗಳ ನಿಧಿಗೇ ಮಾರಿ ನಗದು ಪಡೆದರು. ಶೇ 10ರ ನಿಯಮವನ್ನೂ ಮಿಗತೆಯಿರುವ ವರ್ಷಕ್ಕೆ ಮಾತ್ರ ಎಂದು ಸಡಿಲಿಸಿದರು. ಯುದ್ಧವಿಲ್ಲದ ಕಾಲದಲ್ಲಿ 1976ರ ಮಾತು ಮೊದಲ ಬಾರಿಗೆ ಬಾಗಿದ್ದು ಅಲ್ಲಿ ಎಂದು ನಾನು ಭಾವಿಸುತ್ತೇನೆ.

ಅದೇ ವರ್ಷ ಭಾರತೀಯರ ಸಂಖ್ಯೆಯನ್ನು ಜನಸಂಖ್ಯೆಯ ಶೇ 15ಕ್ಕೆ ಮಿತಿಗೊಳಿಸುವ ಕರಡು ಮಸೂದೆ ಬಂದು, ಭಟ್ಕಳದಿಂದ ಮಂಗಳೂರಿನವರೆಗೆ ಎಷ್ಟೋ ಮನೆಗಳ ನಿದ್ದೆಗೆಡಿಸಿತು. ಅದು ಜಾರಿಯಾಗಲಿಲ್ಲ. ಸುಮಾರು 50 ಲಕ್ಷ ಜನರ ದೇಶದಲ್ಲಿ ನಾಗರಿಕರು 15 ಲಕ್ಷದಷ್ಟು, ಭಾರತೀಯರೇ 10 ಲಕ್ಷದ ಆಸುಪಾಸು. ಅಂಗಡಿ, ಆಸ್ಪತ್ರೆ, ಕಟ್ಟಡ, ಅಡುಗೆಮನೆ ನಡೆಯುವುದು ಹೊರಗಿನವರ ಕೈಯಲ್ಲಿ.

2024ರ ಮೇ 10ರಂದು ಅಮೀರ್ ಶೇಖ್ ಮಿಶಾಲ್ ಸಂಸತ್ತನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಟ್ಟರು. ಅದೇ ಜೂನ್‌ನ ಬಿಸಿಲಿನಲ್ಲಿ ವಿದ್ಯುತ್ ಸಾಲದೆ ಬಡಾವಣೆಗಳಿಗೆ ಸರದಿಯ ಮೇಲೆ ಕರೆಂಟು ತೆಗೆಯಬೇಕಾಯಿತು. 2025ರ ಜನವರಿಯಿಂದ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಶೇ 15ರ ತೆರಿಗೆ ಬಂತು. ಮಾರ್ಚ್‌ನಲ್ಲಿ 3,000 ಕೋಟಿ ದಿನಾರ್‌ವರೆಗೆ ಸಾಲ ಎತ್ತಲು ಹೊಸ ಕಾನೂನು ಬಂತು. ಎಂಟು ವರ್ಷದ ತೊಡಕು ಬಿಡಿಸಿಕೊಂಡಿತು, ಆದರೆ ಆ ಸಾಲ ಕೊಡುವುದು ಕಾಲಾವಕಾಶವನ್ನಷ್ಟೇ. ಆದಾಯದ ಶೇ 90ರಷ್ಟು ಈಗಲೂ ತೈಲದ್ದು. ಸಮುದ್ರದ ಮೂಲಕ ಹೋಗುವ ಆ ತೈಲಕ್ಕೆ ಹಾರ್ಮುಜ್ ಜಲಸಂಧಿಯೊಂದೇ ದಾರಿ.

ಆ 1976ರ ಕಾನೂನಿನ ವರ್ಷ ಹುಟ್ಟಿದ ಮಗುವಿಗೆ ಈಗ ಐವತ್ತರ ವಯಸ್ಸು. ಅವರ ಮಕ್ಕಳು ಕಾಲೇಜು ಮುಗಿಸಿ, ಸರ್ಕಾರಿ ನೌಕರಿಗೆ ಹೆಸರು ಬರೆಸಿ, ಸರದಿಗಾಗಿ ಕಾಯುತ್ತಿದ್ದಾರೆ.